ಮೀನಿನ ಐಸು

ನೆಹರೂ ಮೈದಾನದ ಕೆಂಪು ಧೂಳಿಗೆ
ನಮ್ಮ ಬೆನ್ನುಗಳ ಅಳತೆ ಈಗ ಬಾಯಿಪಾಠ.
ಐದು ಪಂದ್ಯ. ಸಿಕ್ಕಿದ್ದು ಒಂದು ಗೋಲು,
ಅದೂ ಎದುರಿನವರು ತಪ್ಪಿ ತಮಗೇ ಹೊಡೆದುಕೊಂಡದ್ದು.

ಚೆಂಡು ಬಂದರೆ ಎಲ್ಲರೂ ಸವಾದನಿಗೇ ದಾಟಿಸುತ್ತಾರೆ
ಒಲೆಯಿಂದಿಳಿಸಿದ ಪಾತ್ರೆಯ ಹಾಗೆ.
ಅವನು ತಲೆಯೆತ್ತಿ ನೋಡುವಾಗ
ಎಡಗಡೆ ರೊಯ್‌ಸ್ಟನ್ ಲೇಸು ಕಟ್ಟುತ್ತಿರುತ್ತಾನೆ,
ಬಲಗಡೆ ಯಾರೂ ಇಲ್ಲ,
ಮುಂದೆ ಮೂರು ಜನ, ಮೂವರೂ ಅವರವರು.
ಮತ್ತೆ ಆ ಸದ್ದು:
ಲಾರಿಯಿಂದ ಒದ್ದೆ ಗೋಣಿ ಬಿದ್ದಂತೆ.

ನಾನು ಹದಿನಾಲ್ಕನೆಯವ. ಬೆಂಚಿನವ.
ನನ್ನ ಕೆಲಸ ಐಸು.
ದಕ್ಕೆಯಲ್ಲಿ ಮಾಮನ ಬೋಟಿಗೆ ತುಂಬಿ ಉಳಿದದ್ದನ್ನು
ಸ್ಕೂಟರಿನಲ್ಲಿ ಕಾಲ ಬಳಿ ಬಕೆಟಿಟ್ಟು ತರುತ್ತೇನೆ.
ಹಾಫ್‌ಟೈಮಿಗೆ ಸಾಕ್ಸ್ ಇಳಿಸಿದರೆ
ಅವನ ಕಣಕಾಲು ನೇರಳೆ,
ಹಳೆಯ ಏಟಿನ ಹಸಿರಂಚಿನ ಮೇಲೆ ಹೊಸತು.
"ಬಂಗುಡೆ ವಾಸನೆ ಮಾರಾಯ" ಎನ್ನುತ್ತಾನೆ,
ಪ್ರತಿ ಸಲ, ಅದನ್ನೇ.
ಹೆರಾಲ್ಡ್ ಸರ್ ಬೋರ್ಡಿನಲ್ಲಿ ಬಾಣ ಬರೆಯುತ್ತಾರೆ.
ಬೋರ್ಡಿನ ಬಾಣಗಳೆಲ್ಲ ಗೋಲಿಗೆ ಹೋಗುತ್ತವೆ.

ನಿನ್ನೆ ಎಪ್ಪತ್ತನೇ ನಿಮಿಷ ಬಿದ್ದವನು ಏಳಲಿಲ್ಲ.
ಬಕೆಟು ಹಿಡಿದು ಓಡಿದೆ.
ಮಣ್ಣಿಗೆ ಕೆನ್ನೆಯಿಟ್ಟು
ಎತ್ತಲೋ ನೋಡುತ್ತಿದ್ದ.
ನೋವಾ, ಕೇಳಿದೆ.
"ಅವರ ನಾಲ್ಕನೇ ನಂಬರಿನವ
ಎಡಕ್ಕೆ ತಿರುಗುವಾಗ ತಡವರಿಸುತ್ತಾನೆ.
ಕೆಳಗಿನಿಂದ ಚಂದ ಕಾಣುತ್ತದೆ" ಎಂದ.

ಐಸು ಒತ್ತಿದೆ. ಎದ್ದ.
ನೀರು ತೊಟ್ಟಿಕ್ಕುವ ಕಾಲಲ್ಲೇ ಕುಂಟಿಕೊಂಡು ಹೋದ.

ಸೊನ್ನೆಗೆ ಮೂರು, ಸೋತೆವು.
ನಾಲ್ಕನೇ ನಂಬರಿನವ ಒಮ್ಮೆ ತಡವರಿಸಿದ್ದು ನಿಜ,
ಸವಾದನ ಚೆಂಡು ಸರಿಯಾಗಿ ಅಲ್ಲಿಗೇ ಹೋದದ್ದೂ ನಿಜ.
ರೊಯ್‌ಸ್ಟನ್‌ನ ಲೇಸು
ಮತ್ತೆ ಬಿಚ್ಚಿತ್ತು.