ನವಿಲು ಬಣ್ಣದ ದಾರ

ಕರೆಂಟು ಹೋಗಿತ್ತು.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿರುವ ನನ್ನ ಅಂಗಡಿಗೆ
ಸ್ಟೇಡಿಯಮ್ಮಿನ ಶಾಂತರಾಜು ಎರಡು ಗೋಣಿಚೀಲ ಹೊತ್ತು ತಂದ.
ಆಲೂಗಡ್ಡೆ ಅಂದುಕೊಂಡೆ. ಅಂಗಿ.
“ನಾಳೆ ಎಂಟಕ್ಕೆ ಬೇಕು ಟೇಲರಕ್ಕ,
ಪರದೇಶದ ಹುಡುಗೀರು, ನಮ್ಮ ಹಾಸನದೋರ ಮೇಲೆ ಆಡ್ತಾರೆ.”
ಯಾವ ದೇಶ ಅಂದೆ. ಹೇಳಿದ.
ಮತ್ತೆ ಹೇಳಿಸಿದೆ. ಮೂರನೇ ಸಲಕ್ಕೆ ಅವನಿಗೇ ಅನುಮಾನ.
ಮಗಳ ಅಟ್ಲಾಸು ತೆಗೆದು ಹುಡುಕಿದರೆ
ನೀಲಿ ಹಾಳೆಯ ಮೇಲೆ ಯಾರೋ ಸಾಸಿವೆ ಚೆಲ್ಲಿ
ಬಳಿಯಲು ಮರೆತ ಹಾಗಿತ್ತು.

ಅಂಗಿಗಳೆಲ್ಲ ಗಂಡಸರವು,
ಅವರ ದೇಶದ ಗಂಡಸರ ತಂಡ ಹಾಕಿ ಬಿಟ್ಟಿದ್ದು.
ಭುಜದ ಹೊಲಿಗೆ ಮೊಣಕೈಗೆ ಬರುತ್ತದೆ,
ಬೆನ್ನ ತುಂಬ ಅವರವರ ಹೆಸರು, ದಪ್ಪ ದಾರದ ಕಸೂತಿ.
ನನಗಿದು ಹೊಸದಲ್ಲ.
ಅಣ್ಣನ ಷರಟು ತಂಗಿಗೆ, ಮಾವನ ಪ್ಯಾಂಟು ಸೊಸೆಯ ಸಂತೆಚೀಲಕ್ಕೆ,
ಇಪ್ಪತ್ತಾರು ವರ್ಷದಿಂದ ಅವರ ಅಗಲವನ್ನು
ಇವರ ಅಳತೆಗೆ ತರುವುದೇ ಕಸುಬು.

ನಾಲ್ಕಕ್ಕೆ ಹುಡುಗಿಯರೇ ಬಂದರು, ಹದಿನಾಲ್ಕು ಜನ,
ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು. (ಯಾರು ಹೇಳಿಕೊಟ್ಟರೋ.)
ಅವರಿಗೆ ನನ್ನ ಮಾತು ಬಾರದು, ನನಗೆ ಅವರದು.
ಟೇಪಿಗೆ ಎರಡೂ ಬೇಕಿರಲಿಲ್ಲ.
ಒಬ್ಬಳ ಬಲಭುಜ ಎಡಕ್ಕಿಂತ ಎರಡು ಬೆರಳು ಹೆಚ್ಚು,
ಅವಳು ವೇಗದ ಬೌಲರ್ರು ಅಂತ ಯಾರೂ ಹೇಳಬೇಕಾಗಲಿಲ್ಲ.
ಕ್ಯಾಪ್ಟನ್ನಮ್ಮ ಫೋಟೋ ತೋರಿಸಿದಳು:
ಕಡಲು ಹಿಂದೆ ಸರಿದಾಗ ಮಾತ್ರ ಅವರ ಪಿಚ್ಚು,
ತೆಂಗಿನ ಮಟ್ಟೆಯ ಬ್ಯಾಟು,
ನೀರು ವಾಪಸು ಬಂದರೆ ಆಟ ಮುಗೀತು, ಗೆದ್ದವರು ಯಾರೇ ಇರಲಿ.

ಲೊಸಾ ಅನ್ನುವವಳು ಮಾತ್ರ
ಎದೆಯ ಹತ್ತಿರ ಟೇಪು ತಡೆದಳು.
ಫೋನಿನಲ್ಲಿ ಕೂಸು. ಐದು ಬೆರಳು ಎತ್ತಿದಳು, ಐದು ತಿಂಗಳು.
ನಾನೂ ಹೆತ್ತವಳು.
ಪಕ್ಕದಲ್ಲಿ ಒಂದಿಂಚು ಬಿಟ್ಟು ಚಾಕಿನ ಗೀಟು ಎಳೆದೆ.
ಅವಳು ಆ ಗೀಟನ್ನು ನೋಡಿದಳು, ನನ್ನನ್ನು ನೋಡಿದಳು,
ಅಷ್ಟೇ.

ರಾತ್ರಿಯಿಡೀ ಬ್ಲೇಡಿನಲ್ಲಿ ಹೆಸರು ಬಿಚ್ಚಿದೆ.
ದಾರ ಬಂತು, ತೂತು ಉಳಿಯಿತು.
ಬಟ್ಟೆಯನ್ನು ಬಲ್ಬಿಗೆ ಹಿಡಿದರೆ
ಯಾವನೋ ಒಬ್ಬ ಚುಕ್ಕಿಚುಕ್ಕಿಯಾಗಿ ಇನ್ನೂ ಅಲ್ಲೇ ನಿಂತಿದ್ದ.
ಅವನ ಮೇಲೆಯೇ ಹೊಲಿದೆ ಇವಳನ್ನು.
ನೀಲಿ ದಾರ ಹನ್ನೆರಡನೇ ಅಂಗಿಗೆ ತೀರಿತು,
ಉಳಿದದ್ದು ನವಿಲು ಬಣ್ಣ, ಯಾವುದೋ ಮದುವೆ ಬ್ಲೌಸಿನದು.
ಲೊಸಾಳ ಅಂಚು ಅದರಲ್ಲೇ ಮಡಿಸಿದೆ.
ಯಾರು ನೋಡುತ್ತಾರೆ ಅಂಚನ್ನು.

ನಮ್ಮ ಹುಡುಗಿಯರು ಗೆದ್ದರು, ಅದೂ ಸಲೀಸಾಗಿ.
ಹಾಸನಾಂಬೆಯ ಬಾಗಿಲು ತೆರೆಯುವ ಮೊದಲೇ
ಅವರು ಬಸ್ಸು ಹತ್ತಿ ಹೋಗಿಯೂ ಆಗಿತ್ತು.
ಶಾಂತರಾಜು ಮುನ್ನೂರು ರೂಪಾಯಿ ಬಾಕಿ ಇಟ್ಟ,
ಇವತ್ತಿಗೂ ಎದುರಿಗೆ ಬಂದರೆ ಬೀದಿ ದಾಟುತ್ತಾನೆ.

ನಾಲ್ಕು ವರ್ಷ.
ಮೊನ್ನೆ ಗುಂಡಿ ಹಾಕುತ್ತ ಕೂತಿದ್ದಾಗ ಮಗಳು ಕೂಗಿದಳು,
“ಅಮ್ಮಿ, ನಿನ್ನ ಸಾಸಿವೆ ದೇಶ!”
ದೊಡ್ಡ ದೇಶವೊಂದನ್ನು ಎರಡು ಬಾಲು ಉಳಿಸಿ ಸೋಲಿಸಿ
ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದಾರೆ.
ವಿಶ್ವಕಪ್ಪಿಗೆ ಹೋಗುತ್ತಾರಂತೆ.
ನಾನು ಸ್ಕೋರು ನೋಡಲಿಲ್ಲ, ಭುಜ ನೋಡಿದೆ.
ಹೊಸ ಅಂಗಿ, ಅವರದೇ ಅಳತೆ, ಅಚ್ಚಾದ ಹೆಸರು.
ಭುಜ ಭುಜದಲ್ಲೇ ಕೂತಿದೆ.
ನನ್ನ ಕೈಕೆಲಸ ಎಲ್ಲೂ ಇಲ್ಲ.
ಖುಷಿಯಾಯಿತು. ಸುಳ್ಳು ಯಾಕೆ, ಹೊಟ್ಟೆಯೂ ಚೂರು ಉರಿಯಿತು.

ಆಗ ಹಗ್ಗ ದಾಟಿ ಒಂದು ಮಗು ಓಡಿ ಬಂತು.
ಯಾರೋ ಎತ್ತಿಕೊಂಡರು, ಬಲಭುಜ ಅಗಲ ಇದ್ದವಳಲ್ಲ, ಇನ್ನೊಬ್ಬಳು.
ಮಗುವಿನ ಮೈಮೇಲೆ ಕಾಲುಂಗುಷ್ಠದವರೆಗೆ ಹಳೇ ಅಂಗಿ,
ಪಕ್ಕದಲ್ಲಿ ಒಂದಿಂಚು ಉಬ್ಬು,
ಕೆಳಗೆ ನವಿಲು ಬಣ್ಣ.

“ನಿಲ್ಲಿಸೇ, ಅಲ್ಲೇ ನಿಲ್ಲಿಸು” ಅಂದೆ.
ತೋಳನ್ನು ಯಾರೋ ಕೈಯಲ್ಲೇ ಮಡಿಸಿದ್ದಾರೆ,
ಸೊಟ್ಟ, ಉದ್ದುದ್ದ ಟಾಕಿ.
ಇಲ್ಲಿ ತಂದಿದ್ದರೆ
ಎರಡು ನಿಮಿಷದ ಕೆಲಸ.