ಬೀಗ ಒಂದು

ರಸೀದಿಯಿಲ್ಲ. ಹರಿದ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
‘ಬೀಗ ಒಂದು, ನೂರ ಹತ್ತು’ ಅಂತಷ್ಟೇ,
ಕೆಳಗೆ ಎಲೀಶ ಅಯ್ಯನವರ ಸಹಿ, ಇರುವೆ ಹರಿದ ಹಾಗೆ.

ನಾನು ಖಜಾಂಚಿ. ಪರೇಲ್ ವರ್ಕ್‌ಶಾಪಿನ ಟೈಮ್ ಆಫೀಸಿನಲ್ಲಿ
ಮೂವತ್ತೊಂದು ವರ್ಷ ಮಂದಿಯ ತಡವನ್ನು
ಕೆಂಪು ಶಾಯಿಯಲ್ಲಿ ಬರೆದವನು.
ಮಜಗಾಂವಿನ ನಮ್ಮ ಕನ್ನಡ ಸಭೆಗೆ
ದೇವಾಲಯವೂ ಸ್ವಂತದ್ದಲ್ಲ.
ಮರಾಠಿಯವರು ಎದ್ದು ಹೋದ ಮೇಲೆ
ಬೆಂಚು ಇನ್ನೂ ಬಿಸಿಯಿರುವಾಗ ನಾವು ಕೂರುತ್ತೇವೆ.
ಬೀಗ ಹಾಕಲು ನಮ್ಮದೆನ್ನುವ ಬಾಗಿಲಾದರೂ ಎಲ್ಲಿದೆ?

ಕಮಿಟಿಯಲ್ಲಿ ಸಾಲಿನ್ಸ್ ಮಾಸ್ತರರು ಕನ್ನಡಕ ಒರೆಸಿಕೊಂಡರು:
ತಿಂಗಳಿಗೆ ಹದಿನಾಲ್ಕೂವರೆ ಸಾವಿರ. ಭಾನುವಾರ ನಾಲ್ಕು.
ಒಂದು ಪ್ರಸಂಗಕ್ಕೆ ಎಷ್ಟು ಬಿತ್ತು, ನೀವೇ ನೋಡಿ.
ಮೇಲಾಗಿ ಹೋದ ವಾರ ಅಯ್ಯನವರು
ಪೌಲನ ಪತ್ರಿಕೆಯ ನಡುವೆ ಆಕಳಿಸಿದರು,
ಮಕ್ಕಳು ನೋಡಿ ನಕ್ಕವು.
ಲೆಕ್ಕ ಹಾಕಿದವನು ನಾನೇ:
ಮೂರು ಸಾವಿರದ ಆರುನೂರ ಇಪ್ಪತ್ತೈದು.
ಆಕಳಿಕೆ ಸೇರಿ.

ಬೀಗ ಯಾಕೆ ಎಂದೆವು.
ಬೇಕಿತ್ತು ಎಂದರು.
ಯಾರಿಗೆ ಎಂದೆವು.
ಅದು ಹೇಳುವಂಥದ್ದಲ್ಲ, ಬೇಡವಾದರೆ ಸಂಬಳದಲ್ಲಿ ಹಿಡಿದುಕೊಳ್ಳಿ
ಎಂದು ಚಹಾದ ಕಪ್ಪುಗಳನ್ನು ತಾವೇ ಎತ್ತಿಕೊಂಡು
ತೊಳೆಯಲು ಹೋದರು.

ಅವರ ಖೋಲಿ ನನ್ನ ತಲೆಯ ಮೇಲೆ, ಅದೇ ಚಾಳು.
ಆ ರಾತ್ರಿ ಎರಡಕ್ಕೆ ಮತ್ತೆ ಬಾಗಿಲು ಬಡಿತ.
ತಿಂಗಳಲ್ಲಿ ಇದು ಐದನೇ ಸಲ;
ದೂರು ಕೊಡಲೆಂದು ನಾನು ತಾರೀಖು ಬರೆದಿಟ್ಟಿದ್ದೆ.
ಎದ್ದು ಹೋಗಿ ಮೆಟ್ಟಿಲ ತಿರುವಿನ ಕತ್ತಲಲ್ಲಿ ನಿಂತೆ.

“ಕೀಲಿಕೈ ಕೊಡಿ ಅಯ್ಯನವರೇ. ಪೆಟ್ಟಿಗೆ ನಂದು, ದುಡ್ಡು ನಂದು.”
“ಹೌದು, ನಿಂದೇ.”
“ಕೊಡಿ ಮತ್ತೆ.”
“ಕೇಳಿದರೂ ಕೊಡಬೇಡಿ ಅಂದವನೂ ನೀನೇ. ಒಂದನೇ ತಾರೀಖು, ಹಗಲು ಹೊತ್ತು.”

ಬೈದ. ಅವರ ತಾಯಿಯನ್ನು, ಅವರ ದೇವರನ್ನು—
ಅವನದೂ ಅದೇ ದೇವರು.
ಆಮೇಲೆ ಅತ್ತ.
ಅಯ್ಯನವರು ಪ್ರಾರ್ಥಿಸಲಿಲ್ಲ, ವಾಕ್ಯ ಹೇಳಲಿಲ್ಲ.
ಪಕ್ಕದಲ್ಲಿ ಕೂತು, ರಾತ್ರಿ ಉಳಿದ ಚಪಾತಿಗೆ ಸಕ್ಕರೆ ಸುತ್ತಿ
ಅರ್ಧ ಅವನಿಗೆ ಮುರಿದು ಕೊಟ್ಟು
ಅರ್ಧ ತಾವು ತಿಂದರು.
ಡಾಕ್‌ಯಾರ್ಡ್ ರೋಡಿಗೆ ಮೊದಲ ಲೋಕಲ್ ಬಂದಾಗಲೂ
ಇಬ್ಬರೂ ಅಲ್ಲೇ. ಅವನಿಗೆ ಗೊರಕೆ.
ಇವರು ಆಕಳಿಸಿದರು.

ದನಿ ಯಾರದೆಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.
ಅಷ್ಟನ್ನಾದರೂ ಕಲಿತೆ.

ವರ್ಷದ ಲೆಕ್ಕ ಓದುವ ದಿನ
ಸಾಲಿನ್ಸ್ ಮಾಸ್ತರರು ಒಂದು ಸಾಲಿನ ಮೇಲೆ ಬೆರಳಿಟ್ಟರು:
‘ಕಟ್ಟಡ ದುರಸ್ತಿ, ನೂರ ಹತ್ತು.’
ನಮಗೆ ಕಟ್ಟಡ ಎಲ್ಲಿದೆ ಮಾರಾಯರೇ?

ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.
ಇದೆ, ಎಂದೆ.
ಮುಂದಿನ ಸಾಲು ಓದಿ.