ನಡತೆ: ಉತ್ತಮ

ಹದಿನೇಳನೇ ಕಾಲಮ್ಮು: ಕಾಲೇಜು ಬಿಡಲು ಕಾರಣ.
ಪೆನ್ನು ಅಲ್ಲಿಗೆ ಬಂದು ನಿಂತಿತು.
ಕಿಟಕಿಯಾಚೆ ಫಕ್ಕೀರೇಶ ಬೂದಿಹಾಳ,
ಬಿ.ಎ. ಎರಡನೇ ವರ್ಷ, ನಮ್ಮ ರೇಡರ್,
ಬರೀ ಸರಳುಗಳನ್ನು ನೋಡುತ್ತಿದ್ದ,
ಹಿಡಿಯಲು ಬಂದವರ ಮೊಣಕಾಲು ನೋಡುವ ಹಾಗೆ.

"ಏನ ಬರೀಲಿ?" ಅಂದೆ.
"ನಿಮಗ ಹೆಂಗ ಬರತೈತಿ ಹಂಗ ಬರೀರಿ ಸರ."

ನನಗೆ ಬರುವುದು ಒಂದೇ: ಮುಂದಿನ ವ್ಯಾಸಂಗಕ್ಕಾಗಿ.
ಇಪ್ಪತ್ತಾರು ವರ್ಷದಿಂದ ಅದನ್ನೇ ಬರೆದಿದ್ದೇನೆ,
ಮದುವೆಯಾಗಿ ಹೋದವರಿಗೂ, ಗಾರೆ ಕೆಲಸಕ್ಕೆ ಹೋದವರಿಗೂ.
ಧಾರವಾಡದ ಕಾಲೇಜು ತೋರಿಸಿದ ರಬ್ಬರ್ ಮ್ಯಾಟು,
ಹಾಸ್ಟೆಲ್ಲಿನ ಎರಡು ಹೊತ್ತಿನ ತತ್ತಿ, ಬೂಟು,
ರೇಲ್ವೆ ಕೋಟಾದ ಆಸೆ,
ಇಷ್ಟೆಲ್ಲ ಹಿಡಿಸುವ ಜಾಗ ಆ ಗೆರೆಯಲ್ಲಿಲ್ಲ.

ಸಂಜೆಯೊಳಗೆ ಊರಿಗೆ ಗೊತ್ತಾಯಿತು.
ಮುಳಗುಂದ ನಾಕಾದ ಚಹಾದಂಗಡಿಯಲ್ಲಿ
ನನ್ನ ಕಪ್ಪು ಬರುವ ಮೊದಲೇ ಮಾತು ಬಂತು:
"ಟಿಸಿ ಕೊಟ್ಟಾವ ನೀನ ಅಲ್ಲೇನು?
ಫೈಲು ಕಳದೈತಿ ಅನ್ನಾಕ ಬರತಿರಲಿಲ್ಲೇನು?
ನನ್ನ ಮಗಳ ಮಾರ್ಕ್ಸ್ ಕಾರ್ಡ್ ಮೂರು ತಿಂಗಳ ಕಳದಿದ್ದೆಲ್ಲ!"

ಗಣಪತಸಾ ಕಬಾಡಿ, ಬೆಟಗೇರಿಯ ನೇಕಾರ,
ಅಡ್ಡಹೆಸರಲ್ಲೇ ಆಟ ಹೊತ್ತು ಹುಟ್ಟಿದಾತ,
ಪ್ರತಿ ಫೈನಲ್ಲಿಗೂ ತನ್ನ ಮಗ್ಗದ ಟವೆಲ್ಲು ಹೊದಿಸಿದಾತ,
ಅಂದ: "ಉಂಡ ಮನಿ ಜಂತಿ ಎಣಿಸಿದ ನೋಡ."
ಮತ್ತೆ ಅಂದ: "ಹೋಗಲಿ ಬಿಡ್ರಿ, ಯಾರ ಮುಂದ ಹೇಳೂದು."
ಮತ್ತೆ ಮೊದಲಿನಿಂದ ಬೈದ.

ಯಾರೋ ಹುಡುಗರು ಗೇಟಿನ ಫ್ಲೆಕ್ಸಿನಿಂದ
ಬ್ಲೇಡಿನಲ್ಲಿ ಅವನ ಮುಖವನ್ನಷ್ಟೇ ಕತ್ತರಿಸಿದರು.
ಆರು ಜನ ನಗುತ್ತ ನಿಂತ ತಂಡದ ನಡುವೆ
ಒಂದು ತೂತು, ಅದರೊಳಗೆ ಹಿಂದಿನ ಬೇವಿನ ಗಿಡ.
ಗಾಳಿ ಬಂದಾಗ ಏನೋ ಹೇಳಲು ಹೊರಟಂತೆ.

ನೀಲವ್ವ ಮಾತ್ರ ಬೈಯಲಿಲ್ಲ. ಗಿರಮಿಟ್ ಕಲಸುತ್ತಲೇ
ವಹಿ ತೆಗೆದು ತೋರಿಸಿದಳು: ನೂರಾ ನಲವತ್ತು ತತ್ತಿ, ಉದ್ರಿ.
"ಅವಾ ಗೆದ್ದಾಗ ನಾನೂ ಕುಣದೇನಿ.
ಅದಕ್ಕ ಯಾರ ಬಿಲ್ ಹಾಕ್ಯಾರ?"

ಡಿಸೆಂಬರಿನಲ್ಲಿ ಧಾರವಾಡ. ಅಂತರ ಕಾಲೇಜು ಪಂದ್ಯ.
ಒಂದು ಕ್ರೂಸರಿನಲ್ಲಿ ಹದಿನಾಲ್ಕು ಜನ,
ಅಣ್ಣಿಗೇರಿ ದಾಟುವವರೆಗೂ
ಅವನನ್ನು ಏನೆಂದು ಕೂಗಬೇಕು ಎಂಬುದೇ ಚರ್ಚೆ.
ದ್ರೋಹಿ ಅನ್ನುವುದು ಪುಸ್ತಕದ ಮಾತಾಯಿತು ಎಂದರು.
ಜಿಗದಾಡೋ ಮಂಗ್ಯಾ ಎಂಬುದಕ್ಕೆ ಹೆಚ್ಚು ಕೈ ಎದ್ದವು.

ನೀಲಿ ಮ್ಯಾಟಿನ ಮೇಲೆ ಅವನು, ಬೂಟು ಹಾಕಿದವನು.
ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿದ,
ಬೆರಳಿಗೆ ಮಣ್ಣೇ ಹತ್ತಲಿಲ್ಲ.
ನಾವು ಕೂಗಿದೆವು. ಚೆನ್ನಾಗಿಯೇ ಕೂಗಿದೆವು.
ತಲೆ ಎತ್ತಲಿಲ್ಲ ಅವನು.

ಕೊನೆಯ ನಿಮಿಷ. ನಮ್ಮ ಅಂಗಳಕ್ಕೆ ಬಂದ.
ಕಬಡ್ಡಿ ಕಬಡ್ಡಿ, ಅದೇ ಉಸಿರು,
ನಡುನಡುವೆ ತೊದಲುವ ಅದೇ 'ಡ್ಡಿ'.
ಮೂಲೆಯ ನಮ್ಮ ಹುಡುಗ ಎಡಗಾಲ ಹರಡು ಹಿಡಿದ.
ಹೋದ ವರ್ಷ ಉಳುಕಿದಾಗ
ಗಣಪತಸಾ ಎಣ್ಣೆ ಹಚ್ಚಿ ನೀವಿದ ಹರಡು.
ನಾಲ್ಕು ಮಂದಿ ಮೈಮೇಲೆ ಬಿದ್ದರು. ಕೈ ಮಾತ್ರ ಹೊರಗೆ,
ಗೆರೆಗೆ ಒಂದು ಗೇಣು.

"ಮುಟ್ಟೋ ಫಕ್ಕ್ಯಾ! ಗೆರಿ ಮುಟ್ಟೋ!"
ಎದ್ದು ನಿಂತಿದ್ದ ಗಣಪತಸಾ, ಕೊರಳ ನರ ಉಬ್ಬಿಸಿ.
ಆ ಗೆರೆಯಾಚೆ ಈಗ ಧಾರವಾಡ ಎಂಬುದು
ಅವನಿಗೆ ಹೊಳೆಯುವಷ್ಟರಲ್ಲಿ ಸೀಟಿ ಊದಿತ್ತು.
ಕೂತ. ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.
ನಾನೇನೂ ಅನ್ನಲಿಲ್ಲ,
ನನ್ನ ಕೈಯೂ ಚಾಚಿಯೇ ಇತ್ತು.

ಗೆದ್ದೆವು ನಾವು, ಒಂದು ಅಂಕದಿಂದ.
ಕ್ರೂಸರಿನಲ್ಲಿ ಡ್ರೈವರ್ ಒಬ್ಬನೇ ಸಿಳ್ಳೆ ಹಾಕಿದ.

ಸೋಮವಾರ ಆಫೀಸಿನಲ್ಲಿ ಟಿಸಿ ಬುಕ್ಕು ತೆಗೆದೆ.
ನಮ್ಮಲ್ಲಿ ಉಳಿದ ಕಾರ್ಬನ್ ಪ್ರತಿ, ಹದಿನೆಂಟನೇ ಕಾಲಮ್ಮು.
ಅವತ್ತು ಸಿಟ್ಟಿಗೆ ಎಷ್ಟು ಒತ್ತಿ ಬರೆದಿದ್ದೆನೆಂದರೆ
ಮುಂದಿನ ಎರಡು ಖಾಲಿ ಹಾಳೆಗಳ ಮೇಲೂ,
ಇನ್ನೂ ಯಾರ ಹೆಸರೂ ಇಲ್ಲದ ಕಡೆ,
ಬೆರಳಾಡಿಸಿದರೆ ಸಿಗುತ್ತಿತ್ತು:
ಉತ್ತಮ.